ಗೌರ್ನರಮ್ಮನ ಎರಡನೇ ಎಲೆಕ್ಷನ್

ಬಸ್‌ಸ್ಟಾಂಡಿನ ಅರಳಿಮರಕ್ಕೆ ಕಟ್ಟಿರುವ ಫ್ಲೆಕ್ಸಿನಲ್ಲಿ ಅವರು ನಗುತ್ತಿದ್ದಾರೆ. 'ಮತ್ತೆ ಹುಟ್ಟಿ ಬನ್ನಿ' ಎಂದು ಕೆಂಪಕ್ಷರ. ಕೆಳಗೆ ಸಂತಾಪ ಸೂಚಿಸುವವರ ಸಣ್ಣ ಸಣ್ಣ ಮುಖಗಳು, ಅವುಗಳ ನಡುವೆ ಒಂದು ದೊಡ್ಡ ಮುಖ. ಆ ದೊಡ್ಡ ಮುಖ ಅವರನ್ನು ಸೋಲಿಸಿದವನದು. ಇದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ನಮ್ಮ ಕಡೆ ಸೋಲಿಸಿದವರೇ ಫ್ಲೆಕ್ಸ್ ಹಾಕಿಸುವುದು. ಗೆಲ್ಲಿಸುತ್ತೇವೆಂದು ಓಡಾಡಿದವರಿಗೆ ಅದರಲ್ಲಿ ಮುಖ ತೋರಿಸುವ ಧೈರ್ಯ ಉಳಿದಿರುವುದಿಲ್ಲ.

ನನ್ನ ತಕರಾರು ಆ ನಗುವಿನ ಬಗ್ಗೆ. ಅದು ಎಲೆಕ್ಷನ್ನಿನ ಕರಪತ್ರಕ್ಕೆಂದು ಗೌರಿಬಿದನೂರಿನ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ಜೊತೆಗೆ ನಾನೇ ಹೋಗಿದ್ದೆ. "ಅಮ್ಮ, ಸ್ವಲ್ಪ ನಗಿ" ಎಂದು ಸ್ಟುಡಿಯೋದವನು ಐದಾರು ಸಲ ಬೇಡಿಕೊಂಡ. "ಯಾಕಪ್ಪ, ಏನಾಯ್ತು ಅಂತ ನಗಲಿ?" ಅಂದರು. ಕೊನೆಗೆ ಅವನೇ ಕಂಪ್ಯೂಟರಿನಲ್ಲಿ ತುಟಿಯ ಎರಡೂ ತುದಿಗಳನ್ನು ರವಷ್ಟು ಮೇಲಕ್ಕೆಳೆದು ಪ್ರಿಂಟು ಹಾಕಿಕೊಟ್ಟ. ಆ ನಗುವನ್ನು ಊರಿನಲ್ಲಿ ಯಾರೂ ನೋಡಿದವರಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಊರಿನ ಅರ್ಧ ಜನಕ್ಕೆ ಯಾರೆಂದು ತಿಳಿಯುವುದಿಲ್ಲ. ಗೌರ್ನರಮ್ಮ ಅಂದರೆ ಮಾತ್ರ ತೊಂಡೇಬಾವಿ ರೈಲ್ವೆ ಸ್ಟೇಷನ್ನಿನ ಹತ್ತಿರದ ಆಟೋದವರು ಕೂಡ ಕರೆದುಕೊಂಡು ಬಂದು ಮನೆ ಬಾಗಿಲಿಗೇ ಬಿಡುತ್ತಿದ್ದರು. ನಮ್ಮೂರು ಅಲ್ಲಿಂದ ನಾಲ್ಕು ಕಿಲೋಮೀಟರು. ನಮ್ಮೂರಿನ ಗ್ರಾಮ ಪಂಚಾಯಿತಿಗೆ ಅವರು ಅಧ್ಯಕ್ಷೆಯಾಗಿದ್ದರು. ಓದಿದ್ದು ಏಳನೇ ಕ್ಲಾಸು. ಸೀಟು ಮಹಿಳೆಗೆ ಮೀಸಲಾದಾಗ ಊರ ಗಂಡಸರು ಹುಡುಕಿದ್ದು ಹೇಳಿದ ಕಡೆ ಸೈನ್ ಹಾಕುವ ಹೆಂಗಸನ್ನು, ಸಿಕ್ಕಿದ್ದು ಇವರು.

ಬಂದ ಹೊಸತರಲ್ಲಿ ಕಂಟ್ರಾಕ್ಟರ್ ಒಬ್ಬ ಬಿಲ್ಲು ತಂದು ಮುಂದಿಟ್ಟನಂತೆ. ಇವರು ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟು, ಸ್ಕೂಲು ಮಕ್ಕಳು ಪಾಠ ಓದುವ ಹಾಗೆ ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದರು. ಕಾರ್ಯದರ್ಶಿ ಗಡಿಯಾರ ನೋಡಿದರು. ಕಂಟ್ರಾಕ್ಟರ್ ಕೆಮ್ಮಿದ. ಅರ್ಧ ಓದಿ ಬೆರಳು ನಿಂತಿತು. "ಈ ಚರಂಡಿ ಎಲ್ಲೈತೆ? ನಡೀರಿ, ತೋರ್ಸಿ" ಅಂದರು. ತೋರಿಸಲು ಚರಂಡಿ ಇರಲಿಲ್ಲ. ಅವನು ಹೊರಗೆ ಬಂದು ಟೀ ಅಂಗಡಿಯ ಮುಂದೆ, "ಇವಳೇನು ಗೌರ್ನರಾ?" ಎಂದು ಕೂಗಾಡಿದ. ಬೈಗುಳವಾಗಿ ಹುಟ್ಟಿದ್ದು ಆರು ತಿಂಗಳಲ್ಲಿ ಹೆಸರಾಗಿ ನಿಂತಿತು.

ನಾನು ಅವರನ್ನು ಮೊದಲು ಎದುರಿಸಿದ್ದು ಒಂಬತ್ತನೇ ಕ್ಲಾಸಿನಲ್ಲಿ, ಮಕ್ಕಳ ಗ್ರಾಮಸಭೆಯಲ್ಲಿ. ವರ್ಷಕ್ಕೊಮ್ಮೆ ಶಾಲೆಯ ಮಕ್ಕಳನ್ನು ಕೂರಿಸಿ, ಪಂಚಾಯಿತಿಯವರು ನಮ್ಮ ಬೇಡಿಕೆ ಕೇಳಿಸಿಕೊಂಡು ಬಿಸ್ಕತ್ತು ಕೊಟ್ಟು ಕಳಿಸುವ ಸಭೆ ಅದು. ಮೇಷ್ಟ್ರು ಬರೆದುಕೊಟ್ಟ ಚೀಟಿಯಲ್ಲಿ 'ನಮ್ಮ ಶಾಲೆಗೆ ಹೂಗಿಡಗಳು ಬೇಕು' ಎಂದಿತ್ತು. ನಾನು ಚೀಟಿ ಮಡಚಿಟ್ಟು, ಹುಡುಗಿಯರ ಟಾಯ್ಲೆಟ್ಟಿಗೆ ನೀರು ಯಾಕಿಲ್ಲ ಎಂದು ಕೇಳಿದೆ. ಜೊತೆಗೆ ಸುಮ್ಮನಿರಲಾರದೆ, "ನಿಮ್ಮನ್ನ ಗೌರ್ನರ್ ಅಂತಾರೆ. ಗವರ್ನರನ್ನ ಜನ ಆರಿಸಲ್ಲ, ಡೆಲ್ಲಿಯಿಂದ ಕಳಿಸ್ತಾರೆ. ನಿಮ್ಮನ್ನ ನಾವು ಆರಿಸಿದ್ದು" ಎಂದೂ ಸೇರಿಸಿದೆ. ಹೆಡ್ಮಾಸ್ಟರ ಮುಖ ಬಿಳಿಚಿತು.

ಅವರು ನನ್ನನ್ನೇ ನೋಡಿದರು. "ಓಟು ಕೇಳಂಗೇ ಇಲ್ವಾ ಗೌರ್ನರು?"

"ಇಲ್ಲ."

"ಪುಣ್ಯವಂತ್ರು. ಮನೆಮನೆ ಮುಂದೆ ನಿಂತು ಹಲ್ಲು ಗಿಂಜೋ ಪಾಡಿಲ್ಲ." ಆಮೇಲೆ ಬೆರಳು ತೋರಿಸಿ, "ನಾಳೆ ಸ್ಕೂಲು ಬಿಟ್ಮೇಲೆ ಆಫೀಸ್ಗೆ ಬಾ. ಬಾಯಿ ಇರೋಳು ಕೈಯನ್ನೂ ತರಬೇಕು. ಅರ್ಜಿ ಬರಿ, ನೀರು ಎಲ್ಲಿಂದ ತರೋದು ಅಂತ ನಾನು ನೋಡ್ತೀನಿ."

ಟಾಯ್ಲೆಟ್ಟಿಗೆ ನೀರು ಬಂತು. ನನಗೊಂದು ಕೆಲಸ ಅಂಟಿಕೊಂಡಿತು. ಸರ್ಕಾರದ ಸುತ್ತೋಲೆಗಳ ಕನ್ನಡ ಅವರಿಗೆ ಅರ್ಥವಾಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅದು ಯಾರಿಗೂ ಅರ್ಥವಾಗುವ ಕನ್ನಡವಲ್ಲ. ಸಂಜೆ ಅವರ ಮನೆಗೆ ಹೋಗಿ ಓದಿ ಹೇಳುತ್ತಿದ್ದೆ. ಅವರದು ರೇಷ್ಮೆ ಸಾಕುವ ಮನೆ. ಗಂಡ ಮಿತಭಾಷಿ, ಹಿಪ್ಪುನೇರಳೆ ಸೊಪ್ಪು ತಂದು ಹಾಕಿದರೆ ಅವರ ಮಾತು ಮುಗಿಯಿತು. ಗೂಡು ಬಿಡಿಸುವ ದಿನ ಅಧ್ಯಕ್ಷೆ ಹುಳುಗಳು ಗೂಡು ಕಟ್ಟಿದ ಬಿದಿರಿನ ಚಂದ್ರಿಕೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು, ಬೆರಳು ತುಂಬ ರೇಷ್ಮೆಯ ಎಳೆ ಸುತ್ತಿಕೊಂಡೇ ಜನರ ದೂರು ಕೇಳುತ್ತಿದ್ದರು. ಬಂದವರು ನಿಂತೇ ಇದ್ದರೆ, "ಸುಮ್ನೆ ಯಾಕೆ ನಿಂತಿದೀರ, ನಾಲ್ಕು ಗೂಡು ಬಿಡಿಸ್ಕೊಂಡು ಮಾತಾಡಿ" ಅನ್ನುತ್ತಿದ್ದರು. ಮನೆ ಮಂಜೂರಾತಿ ಕೇಳಲು ಬಂದವರು ಸಂಜೆಯೆಲ್ಲ ಗೂಡು ಬಿಡಿಸಿ, ಕೊನೆಗೆ "ನಿಮ್ಗೆ ಆಗಲೇ ಮನೆ ಐತಲ್ಲಪ್ಪ. ಇಲ್ಲ" ಅನ್ನಿಸಿಕೊಂಡು ಹೋದದ್ದನ್ನು ನಾನು ನೋಡಿದ್ದೇನೆ.

'ಇಲ್ಲ' ಅನ್ನುವುದರಲ್ಲಿ ಅವರಿಗೆ ಸಂಕೋಚವೇ ಇರಲಿಲ್ಲ. ನನಗೂ ಇರಲಿಲ್ಲ. ನಮ್ಮಿಬ್ಬರದು ಜಗಳದ ಸ್ನೇಹ. ನಾನು ಹೋದ ಕೂಡಲೇ "ಏನೇ ಲಾಯ್ರಿ, ಇವತ್ತು ಯಾರ ಮೇಲೆ ಕೇಸು?" ಎಂದು ಶುರು. ನಾನು ಅವರ ತೀರ್ಮಾನದಲ್ಲಿ ತಪ್ಪು ಹುಡುಕುತ್ತಿದ್ದೆ, ಅವರು ನನ್ನ ಮಾತಿನಲ್ಲಿ. "ಬಾಯಿ ಮುಚ್ಚೆ, ನಿಂಗೇನ್ ಗೊತ್ತು" ಎಂದು ದಿನಕ್ಕೆರಡು ಸಲ ಬೈಸಿಕೊಳ್ಳದಿದ್ದರೆ ನನಗೆ ಮನೆಗೆ ಹೋಗಲು ಮನಸ್ಸಾಗುತ್ತಿರಲಿಲ್ಲ.

ಬೈಗುಳದ ಬಗ್ಗೆ ಅವರಿಗೊಂದು ಸಿದ್ಧಾಂತವೇ ಇತ್ತು. ಮೊದಲ ಎಲೆಕ್ಷನ್ನಿನಲ್ಲಿ ಬರಿಗೈಯಲ್ಲಿ ಮನೆಮನೆಗೆ ಹೋಗಿದ್ದರಂತೆ. ಕೆಲವರು ಬಾಗಿಲಲ್ಲೇ ಜಗಳಕ್ಕೆ ನಿಂತರು: ನಿಮ್ಮನೇವ್ರು ನಮ್ಮ ಬದು ಒತ್ತರಿಸಿದ್ರು, ನಿಮ್ಮಾವ ನಮ್ಮ ತಾತನ್ನ ಹಂಗಂದಿದ್ದ. ಇನ್ನು ಕೆಲವರು ಕೂರಿಸಿ, ಮಜ್ಜಿಗೆ ಕೊಟ್ಟು, "ನಿಮ್ಗಲ್ದೆ ಇನ್ಯಾರ್ಗೆ" ಎಂದು ನಕ್ಕರು. "ಎಣಿಸೋವಾಗ ಗೊತ್ತಾಯ್ತು ಕಣೆ. ಬೈದೋರೆಲ್ಲ ಹಾಕಿದ್ರು. ನಕ್ಕೋರು ಹಾಕಿರ್ಲಿಲ್ಲ. ನಮ್ಮೋರು ಅಂದ್ಕೊಂಡ್ರೆ ತಾನೆ ಬೈಯೋದು? ನಗೋದು ಬೇರೆಯೋರ್ನ ಸಾಗಹಾಕಕ್ಕೆ." ನಾನು ಇದನ್ನೂ ಒಪ್ಪಲಿಲ್ಲ. ಒಂದು ಎಲೆಕ್ಷನ್ನಿನಿಂದ ನಿಯಮ ಮಾಡಲಾಗದು ಎಂದು ವಾದಿಸಿದೆ. "ಬಾಯಿ ಮುಚ್ಚೆ" ಅಂದರು.

ಪಿಯುಸಿಯಲ್ಲಿ ನನ್ನನ್ನು ಚಿಂತಾಮಣಿಯ ಚರ್ಚಾಸ್ಪರ್ಧೆಗೆ ಕಳಿಸಿದಾಗ ಅವರೂ ಬಂದರು. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು ಹಾಕುವುದಿತ್ತು. ಅದನ್ನು ಗಂಡನಿಗೆ ಒಪ್ಪಿಸಿ, ನನ್ನ ಜೊತೆ ಬಸ್ಸು ಹತ್ತಿ, ಸಭಾಂಗಣದ ಕೊನೆಯ ಬೆಂಚಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು. ಮತದಾನ ಕಡ್ಡಾಯ ಆಗಬೇಕೇ ಎಂಬುದು ವಿಷಯ. ನಾನು ವಿರೋಧಕ್ಕೆ ತಯಾರಾಗಿದ್ದೆ, ಚೀಟಿಯಲ್ಲಿ ಪರ ಬಂತು. ನಿಂತ ನಿಲುವಿನಲ್ಲೇ ವಾದ ತಿರುಗಿಸಿ ಮೊದಲ ಬಹುಮಾನ ತಂದೆ. ವಾಪಸು ಬರುವಾಗ ಚಿಕ್ಕಬಳ್ಳಾಪುರ ದಾಟಿದ ಮೇಲೆ ಅವರು, "ಬೆಳಿಗ್ಗೆ ಬಸ್ಸಲ್ಲಿ ನಂಗೆ ಹೇಳಿದ್ದೇ ಬೇರೆ, ಅಲ್ಲಿ ಹೇಳಿದ್ದೇ ಬೇರೆ" ಅಂದರು.

"ಅದು ಚರ್ಚೆ. ಯಾವ ಕಡೆ ಕೊಟ್ಟರೂ ಮಾತಾಡಬೇಕು."

"ಎರಡೂ ಕಡೆ ಮಾತಾಡಕ್ಕೆ ಬರುತ್ತೆ ಸರಿ. ನಿಂದು ಯಾವ ಕಡೆ?"

ನಾನು ನಕ್ಕೆ. ಕಪ್ಪನ್ನು ನನ್ನ ಕೈಯಿಂದ ತೆಗೆದುಕೊಂಡು, ಕೆಳಗೆ ಬರೆದಿದ್ದ ಅಕ್ಷರಗಳ ಮೇಲೆ ಬೆರಳಿಟ್ಟು ಪೂರ್ತಿ ಓದಿ, ಸೆರಗಿನಿಂದ ಒರೆಸಿ ವಾಪಸು ಕೊಟ್ಟರು.

ಅವರ ಅಧಿಕಾರದ ನಾಲ್ಕನೇ ವರ್ಷ ನಮ್ಮೂರಿನ ಕೆರೆ ತುಂಬಿತು. ನಮ್ಮಪ್ಪನ ಕಾಲದಿಂದ ಆಟದ ಮೈದಾನವಾಗಿದ್ದ ಕೆರೆ ಕೋಡಿ ಹೋಯಿತು. ಊರೆಲ್ಲ ವಾಲಗ ಊದಿಸಿಕೊಂಡು ಹೋಗಿ, ಅಧ್ಯಕ್ಷೆಯ ಕೈಯಲ್ಲೇ ಬಾಗಿನ ಬಿಡಿಸಿತು. ಮೊರ ನೀರಿನ ಮೇಲೆ ತೇಲಿಹೋಗುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ದೂರದಲ್ಲಿ ಕಾಲೋನಿಯ ಹೆಂಗಸರ ಜೊತೆ ನಿಂತಿದ್ದ ನಂಜಮ್ಮ ಗಟ್ಟಿಯಾಗಿಯೇ ಅಂದಳು:

"ಅಮ್ಮಾ, ನೀನು ಬಾಗಿನ ಬಿಟ್ಟಿದ್ದು ನನ್ನ ಗಂಡನ ಎದೆ ಮೇಲೆ."

ಕಾಲೋನಿಯವರಿಗೆ ಹೊಲವಿಲ್ಲ. ಹೊಲ ಇದ್ದವರು ತಮ್ಮವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಇವರು ಮೊದಲಿನಿಂದಲೂ ಬತ್ತಿದ ಕೆರೆಯ ಅಂಚಿನಲ್ಲೇ ಹೂಳುತ್ತಿದ್ದರು. ಎಲ್ಲರೂ ಸಂತೋಷಪಟ್ಟ ಆ ನೀರಿನ ಕೆಳಗೆ ಅವರ ಸಮಾಧಿಗಳೆಲ್ಲ ಹೋಗಿದ್ದವು. ಊರಿಗೆ ಇದು ಹೊಳೆದಿರಲೇ ಇಲ್ಲ. ಅಧ್ಯಕ್ಷೆಗೂ, ನನಗೂ.

ಅವತ್ತು ಅವರು ಹಬ್ಬದ ಊಟಕ್ಕೆ ಕೂರಲಿಲ್ಲ. ಮಾರನೆಯ ದಿನವೇ ಪಹಣಿ, ನಕ್ಷೆಗಳನ್ನು ತರಿಸಿ ಹುಡುಕಾಟ ಶುರುಮಾಡಿದರು. ಸ್ಟೇಷನ್ ರಸ್ತೆಯ ಪಕ್ಕದಲ್ಲಿ ಅರ್ಧ ಎಕರೆ ಸರ್ಕಾರಿ ಖರಾಬು ಜಮೀನು ಸಿಕ್ಕಿತು. ಅದನ್ನು ಕಾಲೋನಿಯ ಸ್ಮಶಾನಕ್ಕೆ ಬಿಡಬೇಕೆಂದು ಪಂಚಾಯಿತಿಯಲ್ಲಿ ಠರಾವು ಮಾಡಿಸಿದರು. ಸರ್ವೆಯಾಯಿತು, ಕಲ್ಲು ನೆಟ್ಟರು. ಫೈಲು ತಾಲೂಕು ಆಫೀಸಿಗೆ ಹೋಗಿ ಕೂತಿತು. ಅಷ್ಟರಲ್ಲಿ ಅವಧಿ ಮುಗಿದು ಎಲೆಕ್ಷನ್ ಬಂತು. ಆ ಅರ್ಧ ಎಕರೆ ರಸ್ತೆಯ ಮಗ್ಗುಲಿಗಿತ್ತಲ್ಲ, ಊರಿನ ಕೆಲವರ ಕಣ್ಣು ಅದರ ಮೇಲೆ ಬಿದ್ದಿತ್ತು. ಅಲ್ಲಿ ಅಂಗಡಿ ಮಳಿಗೆ ಕಟ್ಟಬೇಕು, ಹೆಣ ಹೂಳುವುದೇನು ಎಂಬ ಮಾತು ಟೀ ಅಂಗಡಿಯಲ್ಲಿ ಹುಟ್ಟಿತು. ಹೊಸ ಪಂಚಾಯಿತಿ ಹಳೆಯ ಠರಾವನ್ನು ಬದಲಾಯಿಸಬಹುದು. ಅದಕ್ಕೇ ಅವರು ಮತ್ತೆ ನಿಂತರು. ಗೆದ್ದರೆ ಅಧ್ಯಕ್ಷೆ ಅವರೇ ಆಗುತ್ತಾರೆ ಎಂಬುದು ಊರಿನ ಲೆಕ್ಕವಾಗಿತ್ತು.

ಎದುರಿಗೆ ನಿಂತದ್ದು ಟೆಂಟ್‌ಹೌಸ್ ಇಟ್ಟಿರುವವನ ಹೆಂಡತಿ. ಕರಪತ್ರದಲ್ಲಿ ಆಕೆಯ ಫೋಟೋ ಅಂಚೆಚೀಟಿಯಷ್ಟು, ಅವನದು ಅಂಗೈಯಷ್ಟು. ಆ ಕಡೆಯವರು ಮನೆಮನೆಗೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಹೊರಟರು. ಇದನ್ನು ಕಂಡು ಗೌರ್ನರಮ್ಮನ ನೆಂಟರು ಹಠ ಹಿಡಿದರು: ನಾವೇನು ಕಮ್ಮಿಯಾ, ನಾವೂ ತಟ್ಟೆ ಹಿಡಿಯಣ. ಅವರು ಮೊದಲು ಬೇಡ ಅಂದರು, ಆಮೇಲೆ ಸುಮ್ಮನಾದರು. ನನಗೆ ಪಟ್ಟಿಯ ಕೆಲಸ. ಮತದಾರರ ಪಟ್ಟಿ ಹಿಡಿದು ಹಿಂದೆ ನಡೆಯುತ್ತ, ಹಾಕುವವರಿಗೆ ರೈಟು, ಹಾಕದವರಿಗೆ ಇಂಟು, ಅನುಮಾನ ಇದ್ದರೆ ಪ್ರಶ್ನೆ ಗುರುತು.

ಮೂರು ದಿನ ತಿರುಗಿದೆವು. ಪಟ್ಟಿಯ ತುಂಬ ರೈಟೇ ರೈಟು.

ತಪ್ಪು ಎಲ್ಲಿ ಆಗುತ್ತಿದೆ ಎಂದು ನನಗೆ ಎರಡನೇ ದಿನವೇ ಹೊಳೆಯಿತು. ಹೊಸಿಲಿಗೆ ಬಂದ ಕುಂಕುಮವನ್ನು ನಮ್ಮ ಕಡೆ ಯಾವ ಹೆಂಗಸೂ ಬೇಡ ಅನ್ನುವುದಿಲ್ಲ, ಕುಂಕುಮ ತಂದವಳನ್ನು ಬೈಯುವುದಂತೂ ಆಗದ ಮಾತು. ಬರಿಗೈಯಲ್ಲಿ ಹೋಗಿದ್ದರೆ ಜಗಳ ಆಡುತ್ತಿದ್ದವರೂ, ಮುಖಕ್ಕೆ ಹೊಡೆದಂತೆ ಇಲ್ಲ ಅನ್ನುತ್ತಿದ್ದವರೂ ತಟ್ಟೆ ನೋಡಿ ಸೆರಗು ಹೊದ್ದು, ಹಣೆ ಮುಂದೆ ಮಾಡಿ, ನಗುತ್ತಿದ್ದರು. ಬೈಯುವವರು ಯಾರು, ನಗುವವರು ಯಾರು ಎಂಬ ಅವರ ಲೆಕ್ಕವನ್ನೇ ಆ ತಟ್ಟೆ ಅಳಿಸಿಹಾಕಿತ್ತು. ಕಾಲೋನಿಯಲ್ಲಿ ಮಾತ್ರ ನಂಜಮ್ಮ ಹಣೆಗೆ ಏನೂ ಇಡುವಂತಿಲ್ಲವಾದ್ದರಿಂದ ಬಾಗಿಲಲ್ಲಿ ನಿಂತು ಬೈದಳು: "ಏಮಮ್ಮಾ, ಕಲ್ಲು ನೆಟ್ಟು ಹೋದೋಳು ಈಗ ಬಂದೆಯಾ? ನಾನು ಸಾಯೋದ್ರೊಳ್ಗಾದ್ರೂ ಕೊಡ್ತೀಯೋ, ನನ್ನೂ ಅವನ ಜೊತೆ ನೀರಲ್ಲೇ ಹಾಕ್ಬೇಕಾ?" ಗೌರ್ನರಮ್ಮ ಆ ಮೂರು ದಿನದಲ್ಲಿ ನೆಮ್ಮದಿಯಿಂದ ಉಸಿರು ಬಿಟ್ಟದ್ದು ಅಲ್ಲೊಂದೇ ಕಡೆ.

ನಮ್ಮ ಮನೆಗೂ ಬಂದರು. ಪಟ್ಟಿಯ ಮೊದಲ ಪುಟದಲ್ಲೇ ನಮ್ಮ ಮನೆ, ನಾಲ್ಕು ಓಟು. ಅಮ್ಮ ಕುಂಕುಮ ಇಡಿಸಿಕೊಂಡು, ಕಾಫಿ ಕೊಟ್ಟು, "ನಿಮ್ನ ಬಿಟ್ರೆ ಇನ್ಯಾರಮ್ಮ ನಮ್ಗೆ" ಎಂದು ನಕ್ಕಳು. ಅಪ್ಪ ಒಳಗಿನಿಂದ ಎದ್ದು ಬರಲಿಲ್ಲ. ಎರಡು ವರ್ಷದ ಕೆಳಗೆ ನಮ್ಮ ಮನೆಗೆ ಇ-ಸ್ವತ್ತು ಖಾತೆ ಮಾಡಿಸಲು ಹೋದಾಗ ಗೌರ್ನರಮ್ಮ ತಾವೇ ಟೇಪು ಹಿಡಿದು ಬಂದು, ನಮ್ಮ ಹಿಂಗೋಡೆ ಓಣಿಗೆ ಎರಡಡಿ ಹೋಗಿದೆ, ತೆಗೆದರೆ ಮಾತ್ರ ಖಾತೆ ಎಂದಿದ್ದರು. ಗೋಡೆ ತೆಗೆಯಲಿಲ್ಲ, ಖಾತೆ ಆಗಲಿಲ್ಲ. ಈಗ ಅವರು ತಟ್ಟೆ ಹಿಡಿದು ಹೊರಟ ಮೇಲೆ ನಾನು ಅಮ್ಮನನ್ನು ಕೇಳಿದೆ.

"ಹಾಕ್ತೀರಾ?"

"ಕುಂಕುಮ ತಂದೋರ್ಗೆ ಹೊಸ್ಲಲ್ಲಿ ಇಲ್ಲ ಅನ್ನಕ್ಕಾಗುತ್ತೇನೆ?" ಎಂದು ಅಮ್ಮ ಲೋಟ ತೊಳೆಯಲು ಹೋದಳು. "ನೀನು ಬೇಕಾದ್ರೆ ಹಾಕ್ಕೋ. ನಾವು ಮೂರು ಜನ ಗೋಡೆ ನೋಡ್ಕೊಂಡು ಬದುಕ್ಬೇಕು."

ನಾನು ನಮ್ಮ ಮನೆಯ ನಾಲ್ಕು ಹೆಸರಿಗೂ ರೈಟು ಹಾಕಿದೆ.

ನಾಮಪತ್ರ ವಾಪಸು ತೆಗೆಯುವ ಕೊನೆಯ ದಿನ, ಬೆಳಿಗ್ಗೆ, ಟೆಂಟ್‌ಹೌಸಿನವನು ಬೈಕಿನಲ್ಲಿ ಅವರ ಮನೆಗೆ ಬಂದ. ನಾನು ಅಲ್ಲೇ ಇದ್ದೆ.

"ಅಕ್ಕ, ನಾನೇನು ನಿಮ್ಗೆ ವೈರಿಯಾ? ನಿಮ್ಮ ಮಗಳ ಮದ್ವೆಗೆ ಶಾಮಿಯಾನ ಹಾಕ್ದೋನು ಯಾರು?"

"ಹಾಕ್ದೆ. ಸೋರ್ತು" ಅಂದರು.

ಅವನು ನಕ್ಕ. "ನೀವು ವಾಪಸ್ ತೆಗೀರಿ ಅಕ್ಕ. ಅವಿರೋಧ ಮಾಡ್ಕೊಳ್ಳಣ. ಆ ಅರ್ಧ ಎಕ್ರೆ ತಂಟೆಗೆ ನಾನು ಬರಲ್ಲ. ಮುನೇಶ್ವರನ ಗುಡಿ ಮುಂದೆ ಹತ್ತು ಜನದ ಎದುರು ಹೇಳ್ತೀನಿ, ಬರ್ಕೊಡು ಅಂದ್ರೆ ಬರ್ದೂ ಕೊಡ್ತೀನಿ. ಎಲೆಕ್ಷನ್ ಆಗಿ ನಾವು ಗೆದ್ರೆ ಮಾತ್ರ ಆಮೇಲೆ ನನ್ನ ಕೇಳ್ಬೇಡಿ. ಮೂರು ಗಂಟೆ ಒಳ್ಗೆ ಹೇಳಿ."

ಅವನು ಹೋದ ಮೇಲೆ ಅವರು ಹುಳುಮನೆಯ ಬಾಗಿಲಲ್ಲಿ ಕೂತರು. ಒಳಗೆ ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು.

"ಕುರ್ಚಿ ಬೇಡ ಅಂದ್ರೆ ಸುಳ್ಳು ಕಣೆ, ಬೇಕು. ಆದ್ರೆ ಆ ಜಾಗ ಮೊದ್ಲು. ಗೆಲ್ಲೋದಾದ್ರೆ ನಿಲ್ಲಣ. ಸೋಲೋದಾದ್ರೆ ಇವತ್ತೇ ತೆಗ್ದು ಜಾಗ ಉಳಿಸ್ಕೊಳ್ಳಣ. ಮೂರು ದಿನದಿಂದ ಊರೆಲ್ಲ ನಂಗೆ ಹೂಂ ಅಂತೈತೆ. ನನ್ನ ಮುಖ ನೋಡಿ ಇಲ್ಲ ಅನ್ನೋಳು ನೀನೊಬ್ಳೇ. ಪಟ್ಟಿ ನೋಡಿ ಹೇಳು. ಗೆಲ್ತೀನಾ?"

'ಸೋಲ್ತೀರಿ' ಎಂಬುದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದನ್ನು ಹೇಳಿದರೆ ಅವರ ಮುಂದಿನ ಪ್ರಶ್ನೆ ಏನೆಂದು ಗೊತ್ತಿತ್ತು: ಯಾರ ಮನೆ ಹಾಕಲ್ಲ, ತೋರಿಸು. ಪಟ್ಟಿ ತೆರೆದರೆ ಮೊದಲ ಪುಟ. ಮೊದಲ ಪುಟದಲ್ಲಿ ನಮ್ಮ ಮನೆ. ಐದು ವರ್ಷ ಅವರ ಎದುರು ಊರಿನವರ ಸುಳ್ಳುಗಳನ್ನೆಲ್ಲ ಎತ್ತಿ ತೋರಿಸಿದವಳು ನಾನು.

"ಗೆಲ್ತೀರಿ" ಅಂದೆ.

ಅಷ್ಟಕ್ಕೆ ನಿಲ್ಲಿಸಲಿಲ್ಲ. ಮೂರು ಕಾರಣ ಕೊಟ್ಟೆ. ಕಾಲೋನಿಯ ಓಟು ಗಟ್ಟಿ ಇದೆ. ಎದುರಿಗೆ ನಿಂತ ಹೆಂಗಸನ್ನು ಜನ ಕಂಡೇ ಇಲ್ಲ. ಟೆಂಟ್‌ಹೌಸಿನವನೇ ಬಂದು ರಾಜಿ ಕೇಳುತ್ತಿದ್ದಾನೆ ಅಂದರೆ ಸೋಲುವ ಭಯ ಅವನಿಗೇ ಇದೆ. ಬಹುಮಾನ ಬರುವಷ್ಟು ಚೆನ್ನಾಗಿ ಮಾತಾಡಿದೆ.

ಅವರು ಕೈ ಚಾಚಿ ಪಟ್ಟಿ ತೆಗೆದುಕೊಂಡರು. ಕನ್ನಡಕ ಕೊರಳಲ್ಲೇ ದಾರದಲ್ಲಿ ನೇತಾಡುತ್ತಿತ್ತು. ಏರಿಸಲಿಲ್ಲ. ಚರಂಡಿಯ ಬಿಲ್ಲನ್ನೂ ಬಹುಮಾನದ ಕಪ್ಪನ್ನೂ ಬೆರಳಿಟ್ಟು ಓದಿದವರು ನನ್ನ ಪಟ್ಟಿಯನ್ನು ಮಾತ್ರ ಓದದೆ, ಎರಡು ಮಡಿಕೆ ಮಡಚಿ ವಾಪಸು ಕೊಟ್ಟರು. "ಸರಿ ಬಿಡು, ನಿಲ್ಲಣ" ಅಂದರು.

ಮೂರು ಗಂಟೆ ಕಳೆಯಿತು.

ಓಟಿನ ದಿನ ನಾನು ಬದುಕಿನ ಮೊದಲ ಓಟು ಹಾಕಿದೆ, ಅವರ ಹೊಲಿಗೆ ಯಂತ್ರದ ಗುರುತಿಗೆ. ಮನೆಯ ಉಳಿದ ಮೂವರು ಹೇಳಿದ ಹಾಗೇ ಮಾಡಿದರು.

ಎಣಿಕೆ ಗೌರಿಬಿದನೂರಿನ ಒಂದು ಕಾಲೇಜಿನಲ್ಲಿ. ಬ್ಯಾಲೆಟ್ ಚೀಟಿಗಳನ್ನು ಬಿಡಿಸಿ ಬಿಡಿಸಿ ಎರಡು ಟ್ರೇಗಳಿಗೆ ಹಾಕುತ್ತಿದ್ದರು. ಜಾಲರಿಯ ಈ ಕಡೆ ನಾವು. ಒಂದು ಟ್ರೇ ತುಂಬಿ ಕಟ್ಟು ಕಟ್ಟುತ್ತಿದ್ದರು, ಇನ್ನೊಂದರ ತಳ ಕಾಣುತ್ತಲೇ ಇತ್ತು. ತಳ ಕಾಣುತ್ತಿದ್ದದ್ದು ನಮ್ಮದು. ಸೋತದ್ದು ಹತ್ತಿಪ್ಪತ್ತು ಓಟಿನಿಂದಲ್ಲ. ನಮ್ಮನೆಯ ಮೂರು ಓಟಿನಿಂದಂತೂ ಅಲ್ಲ; ಇದನ್ನು ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ರಾಜಿ ಆಗಿದ್ದರೂ ಅವನು ಮಾತು ಉಳಿಸಿಕೊಳ್ಳುತ್ತಿದ್ದ ಎಂದು ಏನು ಖಾತ್ರಿ, ಎಂದೂ ಹೇಳಿಕೊಂಡಿದ್ದೇನೆ. ಎರಡೂ ಒಳ್ಳೆಯ ವಾದಗಳು. ಎರಡರಲ್ಲೂ ನಾನೇ ಗೆಲ್ಲುತ್ತೇನೆ.

ಅಧಿಕಾರಿ ಫಲಿತಾಂಶದ ಹಾಳೆ 'ಇಲ್ಲಿ ಸೈನ್ ಮಾಡಿ ಅಮ್ಮ' ಎಂದು ಮುಂದಿಟ್ಟರು. ಅವರು ಕನ್ನಡಕ ಏರಿಸಿ, ಬೆರಳಿಟ್ಟು, ಹೊರಗೆ ಟೆಂಟ್‌ಹೌಸಿನವನ ತಮಟೆ ಶುರುವಾಗಿದ್ದರೂ ಲಕ್ಷ್ಯ ಕೊಡದೆ, ತಾವು ಸೋತ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಆಮೇಲೆ ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದರು.

ಬಸ್‌ಸ್ಟಾಂಡಿನಲ್ಲಿ ಟೀ ಕುಡಿಯುವಾಗ ಕೇಳಿದರು, "ನಿಮ್ಮನೇದು ಎಷ್ಟು ಬಿತ್ತು?"

"ಒಂದು."

"ಪಟ್ಟೀಲಿ ನಾಲ್ಕಕ್ಕೂ ರೈಟ್ ಹಾಕಿದ್ಯಾ?"

"ಹೂಂ."

"ಅವತ್ತೇ ಗೊತ್ತಿತ್ತಾ?"

ನಾನು ಟೀ ಲೋಟ ನೋಡುತ್ತಿದ್ದೆ. ಅವರು ಇನ್ನೊಂದು ಸಲ ಕೇಳಲಿಲ್ಲ. ಬಸ್ಸು ಬಂತು. ಹತ್ತುವಾಗ, "ನೋಡ್ಕೊಂಡು ಹತ್ತಮ್ಮ" ಅಂದರು.

ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಅಲ್ಲಿಂದ ಮುಂದೆ ನಾನು ಅವರ ಮನೆಗೆ ಹೋದಾಗಲೆಲ್ಲ, "ಬಾಮ್ಮ, ಕೂತ್ಕೊ. ಕಾಫಿ ಕುಡೀತೀಯಾ? ಓದು ಚೆನ್ನಾಗಿ ನಡೀತೈತಾ?" ಲಾಯ್ರಿ ಹೋಯಿತು, 'ಏನೇ' ಹೋಯಿತು, 'ಬಾಯಿ ಮುಚ್ಚೆ'ಯೂ ಹೋಯಿತು. ಒಂದು ದಿನ ಬೇಕೆಂದೇ, ಸೋತದ್ದು ನಿಮ್ಮದೇ ತಪ್ಪು, ತಟ್ಟೆ ಹಿಡಿಯಬಾರದಿತ್ತು ಎಂದು ಕೆಣಕಿದೆ. ಗೂಡು ಬಿಡಿಸುತ್ತಿದ್ದ ಕೈ ಒಂದು ಕ್ಷಣ ನಿಂತಿತು. "ನೀನು ಹೇಳೋದೂ ಸರಿನೇ ಬಿಡಮ್ಮ" ಅಂದರು. ಅದೇ ಮಾತಿಗೆ ಹಿಂದಿನ ಗೌರ್ನರಮ್ಮ ನನ್ನನ್ನು ಹಿತ್ತಲವರೆಗೂ ಅಟ್ಟಿಸಿಕೊಂಡು ಬರುತ್ತಿದ್ದರು.

ಹೊಸ ಪಂಚಾಯಿತಿಯ ಎರಡನೆಯ ಸಭೆಯಲ್ಲೇ ಠರಾವು ಬದಲಾಯಿತು. ಸ್ಟೇಷನ್ ರಸ್ತೆಯಲ್ಲಿ ಈಗ ಆರು ಮಳಿಗೆಗಳಿವೆ. ಒಂದರಲ್ಲಿ ಝೆರಾಕ್ಸ್, ಒಂದರಲ್ಲಿ ಚಿಕನ್, ಮೂಲೆಯದರಲ್ಲಿ ಟೆಂಟ್‌ಹೌಸಿನ ಹೊಸ ಆಫೀಸು. ಸರ್ವೆಯ ಕಲ್ಲೊಂದು ಮೆಟ್ಟಿಲಿಗೆ ಬಂದಿದೆ. ಅದರ ಮೇಲೆ ಕಾಲಿಟ್ಟೇ ಒಳಗೆ ಹೋಗಬೇಕು. ಕೆರೆಯ ನೀರು ಇನ್ನೂ ಇಳಿದಿಲ್ಲ. ಕಾಲೋನಿಯಲ್ಲಿ ಯಾರಾದರೂ ಸತ್ತರೆ ಹಳ್ಳದ ಪಕ್ಕ ಕೇಳಿಕೊಂಡು, ಬೇಡಿಕೊಂಡು ಮಣ್ಣು ಮಾಡುತ್ತಾರೆ. ಹೋದ ಬೇಸಿಗೆಯಲ್ಲಿ ನಂಜಮ್ಮನನ್ನೂ ಅಲ್ಲೇ ಮಾಡಿದರು. ಅವತ್ತು ಗೌರ್ನರಮ್ಮ ಹಳ್ಳದವರೆಗೂ ನಡೆದುಹೋಗಿ, ಎಲ್ಲರೂ ಹೊರಟ ಮೇಲೂ ಬಿಸಿಲಲ್ಲಿ ನಿಂತಿದ್ದರಂತೆ. ಆಮೇಲೆ ಅವರು ಮನೆಯಿಂದ ಆಚೆ ಬಂದದ್ದು ಕಡಿಮೆ.

ಸಕ್ಕರೆ ಕಾಯಿಲೆ ಮೊದಲೇ ಇತ್ತು, ಕಿಡ್ನಿಗೆ ಹೋಯಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋದೆ. ಈ ಸಲ ಎಲ್ಲವನ್ನೂ ಹೇಳಿಬಿಡಬೇಕು, ಬೈಸಿಕೊಂಡೇ ಎದ್ದು ಬರಬೇಕು ಎಂದು ದಾರಿಯುದ್ದಕ್ಕೂ ತಯಾರಾಗಿದ್ದೆ. ಮಂಚದ ಪಕ್ಕ ಅವರ ಗಂಡ ಸ್ಟೂಲಿನ ಮೇಲೆ ಕೂತಿದ್ದರು. ಗೌರ್ನರಮ್ಮನ ಕೈ ಊದಿಕೊಂಡಿತ್ತು. ಬಳೆಗಳನ್ನು ತೆಗೆದು ಟೇಬಲ್ಲಿನ ಮೇಲಿಟ್ಟಿದ್ದರು, ಕನ್ನಡಕದ ಪಕ್ಕದಲ್ಲಿ.

ತಯಾರಿ ಉಪಯೋಗಕ್ಕೆ ಬರಲಿಲ್ಲ. ಎರಡೇ ಮಾತು ಬಂತು. "ಸೋಲ್ತೀರ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ."

ಅವರು ಕಣ್ಣು ತೆರೆದೇ ಇದ್ದರು.

"ಬೈರಿ" ಅಂದೆ. "ಒಂದ್ಸಲ ಬೈದ್ಬಿಡಿ."

"ನಿನ್ನಾ?" ಅಂದರು. ಗಂಡನ ಕಡೆ ತಿರುಗಿ, "ಅಷ್ಟು ದೂರದಿಂದ ಬಂದೈತೆ ಮಗು, ಎಳನೀರು ಏನಾದ್ರೂ ತಂದ್ಕೊಡಿ" ಅಂದರು. ಆಮೇಲೆ ಊದಿದ ಕೈಯನ್ನು ನನ್ನ ಕೈ ಮೇಲಿಟ್ಟು, "ನಿನ್ನ ಬಿಟ್ರೆ ಇನ್ಯಾರಮ್ಮ ನಂಗೆ" ಅಂದರು.

ಮತ್ತು ನಕ್ಕರು. ತುಟಿಯ ಎರಡೂ ತುದಿಗಳು ರವಷ್ಟು ಮೇಲಕ್ಕೆ ಹೋದವು, ಫ್ಲೆಕ್ಸಿನಲ್ಲಿರುವ ಹಾಗೇ.

ಆ ನಗುವನ್ನು ಯಾರೂ ನೋಡಿಲ್ಲ ಎಂದು ಮೇಲೆ ಬರೆದೆ. ನಾನು ನೋಡಿದ್ದೇನೆ.